ವೀಲ್‌ಚೇರಲ್ಲಿ ಬಸ್ಸು, ಮೆಟ್ರೋ: ಆರು ವರ್ಷ ಓಡಾಡಿದ್ಮೇಲೆ

ಆರು ವರ್ಷದಿಂದ ವಾರಕ್ಕೆ ಐದು ದಿನ, ಕೈಯಲ್ಲೇ ತಳ್ಕೊಳ್ಳೋ ಮಾಮೂಲಿ ವೀಲ್‌ಚೇರಲ್ಲಿ ಕೆಲಸಕ್ಕೆ ಹೋಗಿ ಬರ್ತಿದೀನಿ, ಅರ್ಧ ದಾರಿ ಲೋ ಫ್ಲೋರ್ ಬಸ್ಸು, ಇನ್ನರ್ಧ ಮೆಟ್ರೋ. ಮೆಟ್ರೋಗೆ ನಾಲ್ಕು ಸ್ಟಾರ್, ಬಸ್ಸಿಗೆ ಎರಡು. ಬಸ್ಸು ಕೆಟ್ಟದ್ದು ಅಂತಲ್ಲ, ನಿಲ್ಸೋ ರೀತಿಗೆ ಆ ಮಾರ್ಕು.

ಹೇಳ್ತೀನಿ ಕೇಳಿ, ಟೇಪ್ ಹಿಡ್ಕೊಂಡು ಅಳೆದಿದೀನಿ (ನಗಬೇಡಿ). ಬಸ್ಸಿನ ನೆಲ ರಸ್ತೆಯಿಂದ 32 ಸೆಂಟಿಮೀಟರ್ ಎತ್ತರ. ಡ್ರೈವರ್ ಬಟನ್ ಒತ್ತಿದ್ರೆ ಸಸ್ಪೆನ್ಷನ್ನಿನ ಗಾಳಿ ಇಳಿದು ಬಸ್ಸು ಬಾಗಿಲ ಕಡೆ ವಾಲತ್ತೆ, ಏಳು ಸೆಂಟಿಮೀಟರ್ ತಗ್ಗತ್ತೆ, ಉಳಿಯೋದು 25. ಫುಟ್‌ಪಾತ್ 15 ಎತ್ತರ ಇದ್ದು ಬಸ್ಸು ಅದಕ್ಕೆ ಅಂಟ್ಕೊಂಡು ನಿಂತ್ರೆ ಬಾಗಿಲಿಂದ ಹಾಕೋ ಒಂದು ಮೀಟರ್ ರ‍್ಯಾಂಪಲ್ಲಿ ಹತ್ತಬೇಕಾಗಿದ್ದು ಬರೀ 10, ಒಂದು ಸಲ ಜೋರಾಗಿ ತಳ್ಳಿದ್ರೆ ಒಳಗಡೆ. ಅದೇ ಬಸ್ಸು ಎರಡು ಮಾರು ದೂರ ನಿಂತ್ರೆ ರ‍್ಯಾಂಪ್ ರಸ್ತೆಗೇ ಬೀಳತ್ತೆ, ಏರು 1:4 ಆಗತ್ತೆ, ಅಂದ್ರೆ ನಾಲ್ಕು ಅಡಿ ಉದ್ದಕ್ಕೆ ಒಂದು ಅಡಿ ಎತ್ತರ. ಕಟ್ಟಡಗಳಿಗೆ ಹೇಳೋದು 1:12! ಒಂದಿನ ಮಳೇಲಿ ಹೀಗೇ ಹತ್ತೋವಾಗ ಮುಂದಿನ ಚಿಕ್ಕ ಗಾಲಿ ಎರಡೂ ಮೇಲೆದ್ದು ಚೇರು ಹಿಂದಕ್ಕೆ ವಾಲ್ತು, ಹಿಂದೆ ಇದ್ದ ಅಜ್ಜಿಯೊಬ್ರು ಕೊಡೆ ಬಿಸಾಕಿ ಹ್ಯಾಂಡಲ್ ಹಿಡ್ಕೊಂಡ್ರು, ಇಲ್ಲಾಂದ್ರೆ ತಲೆ ರಸ್ತೆಗೆ.

ಒಳಗೆ ಜಾಗ ಚೆನ್ನಾಗೇ ಇದೆ. ಹಿಂದಕ್ಕೆ ಮುಖ ಮಾಡಿ ಬೆನ್ನು ಮೆತ್ತನೆ ಹಲಗೆಗೆ ಒರಗಿಸ್ಬೇಕು, ಸಡನ್ ಬ್ರೇಕ್ ಹಾಕಿದ್ರೂ ಹಲಗೇನೇ ತಡೆಯತ್ತೆ. ಜಾಗ ಖಾಲಿ ಸಿಕ್ಬೇಕು ಅಷ್ಟೇ, ಸೂಟ್‌ಕೇಸ್ ಇಟ್ಟವರು ಫೋನಿಂದ ತಲೆನೇ ಎತ್ತಲ್ಲ.

ಮೆಟ್ರೋದಲ್ಲಿ ಪ್ಲಾಟ್‌ಫಾರ್ಮೂ ಬೋಗಿಯ ನೆಲಾನೂ ಒಂದೇ ಮಟ್ಟ, ನಡುವಿನ ಸಂದು ಮಾತ್ರ ಹುಷಾರು. ಇಳಿಯೋವಾಗ ನಾನು ಹಿಂದುಹಿಂದಕ್ಕೇ ಇಳಿಯೋದು, ದೊಡ್ಡ ಗಾಲಿ ಮೊದಲು ದಾಟಿಬಿಟ್ರೆ ಚಿಕ್ಕದು ಸಂದಿಗೆ ಸಿಕ್ಕಲ್ಲ. ಇನ್ನು ಲಿಫ್ಟು. ಕೆಟ್ಟಿದೆ ಅನ್ನೋ ಚೀಟೀನ ಲಿಫ್ಟಿನ ಬಾಗಿಲಿಗೇ ಅಂಟಿಸ್ತಾರೆ, ಅಂದ್ರೆ ಅಲ್ಲಿವರೆಗೆ ಹೋದ್ಮೇಲೇ ಗೊತ್ತಾಗೋದು. ಆಮೇಲೆ ವಾಪಸ್ ರೈಲು ಹತ್ತಿ ಮುಂದಿನ ಸ್ಟೇಷನ್ನಲ್ಲಿಳಿದು ಅಲ್ಲಿಂದ ರಸ್ತೇಲಿ ತಳ್ಕೊಂಡು ಬರೋದು. ಕಳೆದ ವರ್ಷ ಮೂರು ಸಲ ಆಯ್ತು, ಅದಕ್ಕೇ ಆ ಒಂದು ಸ್ಟಾರ್ ಕಟ್.

ಹೊಸದಾಗಿ ಓಡಾಡೋರಿಗೆ: ಸ್ಟಾಪಿನ ಮುಂದ್ಗಡೆ ತುದೀಲಿ ನಿಲ್ಲಿ, ಡ್ರೈವರ್ ಕಣ್ಣಿಗೆ ಬೀಳಿ, "ಅಣ್ಣಾ, ಫುಟ್‌ಪಾತಿಗೆ ತಾಗಿಸಿ, ಸ್ವಲ್ಪ ಬಗ್ಸಿ" ಅಂತ ಕೂಗಿ ಹೇಳಿ. ಬೆಳಗ್ಗೆ ಬಸ್ಸಿನವರು ಈಗ ಹೇಳದೇನೇ ಮಾಡ್ತಾರೆ. ಸಾಯಂಕಾಲದವರಿಗೆ ಮೊನ್ನೆ ಆ ಬಟನ್ ಇದೆ ಅಂತಾನೇ ನಾನು ಹೇಳ್ಬೇಕಾಯ್ತು.