ದೊಡ್ಡ ಟರ್ಬೋ ಕೂರಿಸುವವರೇ, ಆಯಿಲ್ ವಾಪಸ್ ಬರುವ ದಾರಿ ನೋಡಿದ್ದೀರಾ?

ಬರೆಯಲು ನಾಚಿಕೆ. ಆದರೆ ಕಳೆದ ವಾರ ಶಿರಸಿಯಲ್ಲೇ ಒಬ್ಬ ಹುಡುಗ, ನಾನು ಹಾಕಿಸಿ ಹಾಳಾದಂಥ ಹೈ ವಾಲ್ಯೂಮ್ ಆಯಿಲ್ ಪಂಪನ್ನೇ ಹಾಕಿಸುತ್ತೇನೆ ಎಂದ. ಹಾಗಾಗಿ ಹೇಳಿಬಿಡುತ್ತೇನೆ.

ನನ್ನದು ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ದೊಡ್ಡ ಟರ್ಬೋ ಕೂರಿಸಿ, ಅದಕ್ಕೆ ತಕ್ಕಂತೆ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ರೀಮ್ಯಾಪ್ ಮಾಡಿಸಿದ್ದೆ. (ಇನ್ಶೂರೆನ್ಸ್, ಆರ್‌ಸಿ ವಿಷಯ ಕೇಳಬೇಡಿ, ಅದು ಬೇರೆಯೇ ಗೋಳು.) ತಿಂಗಳೊಳಗೆ ಸೈಲೆನ್ಸರಿನಿಂದ ನೀಲಿ ಹೊಗೆ. ಗ್ಯಾರೇಜಿನವರು 'ಟರ್ಬೋ ಸೀಲ್ ಹೋಗಿದೆ' ಎಂದು ಟರ್ಬೋದ ನಡುವಿನ ಭಾಗ, ಕಾರ್ಟ್ರಿಜ್, ಬದಲಿಸಿದರು. ಹೊಗೆ ಹಾಗೇ ಇತ್ತು. ಆಮೇಲೆ ತಿರುವುಗಳಲ್ಲಿ ಆಯಿಲ್ ಲೈಟ್ ಮಿಣುಕತೊಡಗಿತು. ಅದಕ್ಕೆ ಅವರ ಮದ್ದು ಹೈ ವಾಲ್ಯೂಮ್, ಅಂದರೆ ಜಾಸ್ತಿ ಆಯಿಲ್ ತಳ್ಳುವ, ಆಯಿಲ್ ಪಂಪ್. ಗೇಜಿನ ಮುಳ್ಳು ಮೇಲೇರಿತು, ನನಗೂ ಖುಷಿಯಾಯಿತು. ಪಂಪ್ ಸಂಪಿನಲ್ಲಿದ್ದ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಆಯಿಲನ್ನು ಇನ್ನೂ ಬೇಗ ಮೇಲೆ ತಳ್ಳುತ್ತದೆ, ಇಲ್ಲದ ಆಯಿಲ್ ಎಲ್ಲಿಂದ ತರುತ್ತದೆ ಎಂಬ ಪ್ರಶ್ನೆ ಆಗ ಹೊಳೆಯಲೇ ಇಲ್ಲ.

ಒಂದು ಸಂಜೆ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಎರಡನೇ ಗೇರ್, ಆರ್‌ಪಿಎಂ ಜಾಸ್ತಿ, ಬ್ರೇಕ್, ಎಡ ತಿರುವು. ಲೈಟ್ ಹತ್ತಿತು, ಆರಿತು. ಮುಂದಿನ ತಿರುವಿನಲ್ಲಿ ಮತ್ತೆ. ಅಲ್ಲೇ ನಿಲ್ಲಿಸಬೇಕಿತ್ತು. ಕತಗಾಲ ಬರುವಷ್ಟರಲ್ಲಿ ಬಾನೆಟ್ ಒಳಗೆ ಅವಲಕ್ಕಿ ಕುಟ್ಟಿದ ಹಾಗೆ ಸದ್ದು. ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಕೂಡುವಲ್ಲಿನ ಬಿಗ್ ಎಂಡ್ ಬೇರಿಂಗ್ ಹೋಗಿತ್ತು.

ಕುಮಟಾದಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಂಪ್ ಬಿಚ್ಚಿದರು. 'ತಮಾ, ಬಾ ಇಲ್ಲಿ.' ಆಯಿಲ್ ಅರ್ಧಕ್ಕಿಂತ ಕಮ್ಮಿ, ಅದರಲ್ಲಿ ತಾಮ್ರದ ಪುಡಿ ಮಿನುಗುತ್ತಿತ್ತು. ಪಂಪ್ ಆಯಿಲ್ ಹೀರುವ ಬಾಯಿಯ ಸ್ಟ್ರೈನರ್ ಜಾಲರಿಗೆ ಹಲಸಿನ ರಚ್ಚೆಯ ಹಾಗೆ ಏನೋ ಅಂಟಿತ್ತು. ಗ್ಯಾಸ್ಕೆಟ್ ಸಿಲಿಕಾನ್! ಪಂಪ್ ಹಾಕಿದವರು ಅಂಚಿಗೆ ಧಾರಾಳವಾಗಿ ಬಳಿದಿದ್ದರು. ಹೊರಗೆ ಬಂದದ್ದನ್ನು ಒರೆಸಬಹುದು, ಒಳಗೆ ಹೋದದ್ದನ್ನು ಒರೆಸುವವರು ಯಾರು?

ಆಮೇಲೆ ಟಾರ್ಚ್ ಬಿಟ್ಟು ಟರ್ಬೋದಿಂದ ಆಯಿಲ್ ವಾಪಸ್ ತರುವ ಡ್ರೈನ್ ಪೈಪ್ ತೋರಿಸಿದರು. ಸುಮಾರು ಅಡ್ಡಕ್ಕೇ ಬಂದು, ಒಂದು ಕಡೆ ಜೋತುಬಿದ್ದು, ಮತ್ತೆ ಮೇಲೇರಿ ಸಂಪ್ ಸೇರಿತ್ತು. 'ಇಂಥ ಪೈಪಲ್ಲಿ ತೋಟದ ನೀರೂ ಹರಿಯುದಿಲ್ಲ, ಮಾರಾಯ.'

ಎಲ್ಲದರ ಬೇರು ಆ ಪೈಪಿನಲ್ಲಿತ್ತು. ಟರ್ಬೋದ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟಿ ತಿರುಗುತ್ತದೆ. ಅದಕ್ಕೆ ಆಯಿಲ್ ಒತ್ತಡದಲ್ಲಿ ಹೋಗುತ್ತದೆ, ವಾಪಸ್ ಬರುವುದು ಮಾತ್ರ ನೊರೆನೊರೆಯಾಗಿ, ಸುಮ್ನೆ ತನ್ನ ಭಾರಕ್ಕೆ. ದಾರಿ ಕಟ್ಟಿದರೆ ಸೀಲ್ ಸರಿ ಇದ್ದರೂ ಅದನ್ನು ದಾಟಿ ಹೊಗೆಯಾಗುತ್ತದೆ. ಹೀಗೆ ಸುಟ್ಟು ಸುಟ್ಟು ಲೆವೆಲ್ ಇಳಿದಿತ್ತು. ಇಳಿಜಾರಿನ ತಿರುವಿನಲ್ಲಿ ಉಳಿದದ್ದೂ ಒಂದು ಮೂಲೆಗೆ ಸರಿದು, ಪಂಪಿನ ಪಿಕಪ್ ಪೈಪ್ ಆಯಿಲ್ ಬದಲು ಗಾಳಿ ಹೀರಿತು. ಡಿಪ್‌ಸ್ಟಿಕ್ ವಾರಕ್ಕೊಮ್ಮೆಯಾದರೂ ಎಳೆದು ನೋಡಿದ್ದರೆ ಗೊತ್ತಾಗುತ್ತಿತ್ತು, ಅದು ನನ್ನ ತಪ್ಪೇ.

ಡ್ರೈನ್ ಪೈಪಿನ ಒಳಗಿನ ಅಗಲ ಅರ್ಧ ಇಂಚಿಗಿಂತ ಕಮ್ಮಿ ಬೇಡ. ನೆಟ್ಟಗೆ ಕೆಳಗಿಳಿಯಬೇಕು, ಓರೆಯಾದರೂ 35 ಡಿಗ್ರಿ ಒಳಗೆ. ಸಂಪಿನಲ್ಲಿ ಆಯಿಲ್ ಮಟ್ಟದ ಮೇಲೆಯೇ ಸೇರಬೇಕು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿದ್ದರೂ ಇದೇ ಕಾಟ. ಬಾಲ್ ಬೇರಿಂಗ್ ಟರ್ಬೋ ಆದರೆ ಆಯಿಲ್ ಒಳಹೋಗುವ ಲೈನಿಗೆ ಹರಿವು ಕಮ್ಮಿ ಮಾಡುವ ರಿಸ್ಟ್ರಿಕ್ಟರ್ ಬೇಕಾಗುತ್ತದೆ. ಇಷ್ಟು ಸರಿಯಾದ ಮೇಲೂ ತಿರುವಿನಲ್ಲಿ ಪ್ರೆಶರ್ ಬೀಳುತ್ತಿದ್ದರೆ ಸಂಪ್ ಒಳಗೆ ಆಯಿಲ್ ಸರಿಯದಂತೆ ತಡೆಯುವ ಬ್ಯಾಫಲ್ ತಗಡು ಹಾಕಿಸಿ. ಅದೂ ಸಾಲದಿದ್ದರೆ ಅಕ್ಯುಮುಲೇಟರ್, ಪ್ರೆಶರ್ ಬಿದ್ದ ಕ್ಷಣ ತುಂಬಿಟ್ಟ ಆಯಿಲನ್ನು ಒಳಗೆ ತಳ್ಳುವ ಡಬ್ಬ. ಡ್ರೈ ಸಂಪ್ ಎಂದರೆ ಬೇರೆ ಟ್ಯಾಂಕ್, ಹೊರಗೊಂದು ಪಂಪ್, ಲಕ್ಷದ ಮೇಲಿನ ಮಾತು. ರೇಸ್ ಟ್ರ್ಯಾಕಿಗೆ ಸರಿ, ಶಿರಸಿ-ಕುಮಟಾ ಓಡಾಡಲು ಅದು ಯಾಕೆ ಹೇಳಿ?

ಕ್ರ್ಯಾಂಕ್ ಈಗ ಹುಬ್ಬಳ್ಳಿಯಲ್ಲಿ ಗ್ರೈಂಡಿಂಗಿಗೆ ಕೂತಿದೆ. ಹೊಸ ಡ್ರೈನ್ ಪೈಪನ್ನು ಈ ಸಲ ನಾನೇ ಅಳತೆ ಹಿಡಿದು ತಂದಿಟ್ಟಿದ್ದೇನೆ.