ಹೊಳೆದಂಡೆಯ ಮೀನಿನ ಕೆಲಸಕ್ಕೆ ಆರ್‌ಎನ್‌ಎಲೇಟರ್ ದ್ರಾವಣ: ಕೊಳ್ಳಬಹುದೇ?

ನೀರಿಗೆ ಕ್ಯಾಡ್ಮಿಯಂ ಎಂಬ ವಿಷಲೋಹ ಸೇರಿದರೆ, ಮೀನು ಸಾಯುವುದಕ್ಕೆ ಬಹಳ ಮೊದಲೇ ಅದರ ಜೀನುಗಳು ಬಾಯಿಬಿಡುತ್ತವೆ. ಜೀವಕೋಶದೊಳಗೆ ಹೊಕ್ಕ ಕ್ಯಾಡ್ಮಿಯಂ ಪ್ರೋಟೀನುಗಳಲ್ಲಿದ್ದ ಸತುವನ್ನು ಎಬ್ಬಿಸಿ ತಾನು ಕೂರುತ್ತದೆ. ಹೊರಬಿದ್ದ ಸತು ಜೀನುಗಳನ್ನು ಕೆಲಸಕ್ಕೆ ಹಚ್ಚುವ ಎಂಟಿಎಫ್-1 ಎಂಬ ಪ್ರೋಟೀನನ್ನು ಚುರುಕುಗೊಳಿಸುತ್ತದೆ, ಅದರಿಂದ ಲೋಹವನ್ನು ಹಿಡಿದಿಡುವ ಮೆಟಾಲೊಥಯೊನೀನ್ ಪ್ರೋಟೀನಿನ ಜೀನಿನ ಸಂದೇಶವಾಹಕವಾದ ಎಂಆರ್‌ಎನ್‌ಎ ಏರುತ್ತದೆ. ಈ ಏರಿಕೆಯನ್ನು ಅಳೆಯಬೇಕೆಂದರೆ ಎಂಆರ್‌ಎನ್‌ಎ ಕೆಡದೆ ಪ್ರಯೋಗಾಲಯ ಮುಟ್ಟಬೇಕು.

ಹರಿಹರದಲ್ಲಿ ತುಂಗಭದ್ರೆಯ ದಂಡೆಗೋ ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿ ಕಡೆಯ ಹಳ್ಳಕ್ಕೋ ಅಂಗಾಂಶವನ್ನು ತಕ್ಷಣ ಹೆಪ್ಪುಗಟ್ಟಿಸುವ ದ್ರವ ಸಾರಜನಕದ ಕ್ಯಾನ್ ಹೊತ್ತೊಯ್ಯುವುದು ತಾಪತ್ರಯ. ದನಗಳ ಕೃತಕ ಗರ್ಭಧಾರಣೆಯವರ ಹತ್ತಿರ ಕ್ಯಾನ್ ಇರುತ್ತದೆ, ನಿಜ. ಆದರೆ ಬೇಕೆಂದಾಗ ಕೈಗೆ ಸಿಗಬೇಕಲ್ಲ! ಅಲ್ಲಿಗೆ ಅಂಗಾಂಶದ ಆರ್‌ಎನ್‌ಎ ಕೆಡದಂತೆ ಕಾಯುವ ಈ ಆರ್‌ಎನ್‌ಎಲೇಟರ್ ಬಾಟಲಿ ಹೇಳಿಮಾಡಿಸಿದಂತಿದೆ.

ಬಳಸುವ ಕ್ರಮ ಸುಲಭ, ಕೆಡಿಸುವುದೂ ಅಷ್ಟೇ ಸುಲಭ. ಅಂಗಾಂಶದ ತುಂಡು ಒಂದು ಬದಿಯಲ್ಲಾದರೂ ಅರ್ಧ ಸೆಂ.ಮೀ.ಗಿಂತ ತೆಳ್ಳಗಿರಬೇಕು. ದಪ್ಪವಿದ್ದರೆ ದ್ರಾವಣ ಒಳಗಿಳಿಯುವ ಮೊದಲೇ ನಡುಭಾಗದ ಆರ್‌ಎನ್‌ಎ ಮುರಿದಿರುತ್ತದೆ. ಕಿವಿರಿನ ಎಳೆಗಳಿಗೆ ತೊಂದರೆಯಿಲ್ಲ. ಗೆಂಡೆ, ರೋಹುವಿನ ಯಕೃತ್ತನ್ನು ಇಡಿಯಾಗಿ ಹಾಕಬೇಡಿ, ಹೋಳು ಮಾಡಿ. ಅಂಗಾಂಶದ ಐದರಿಂದ ಹತ್ತು ಪಟ್ಟು ದ್ರಾವಣ ಬೇಕು: 100 ಮಿ.ಗ್ರಾಂ.ಗೆ 1 ಮಿ.ಲೀ. ಹಾಕಿದರೆ ನಿಶ್ಚಿಂತೆ. ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆಸಿ, ಆಮೇಲೆ ಮೈನಸ್ 20ಕ್ಕೆ ಸರಿಸಿ. 25 ಡಿಗ್ರಿಯಲ್ಲಿ ಒಂದು ವಾರ ತಡೆಯುತ್ತದೆ ಎಂಬ ಭರವಸೆಯನ್ನು ನಮ್ಮ ಏಪ್ರಿಲ್‌ಗೆ ಅನ್ವಯಿಸಬೇಡಿ. 37 ಡಿಗ್ರಿಯಲ್ಲಿ ಅದು ಒಂದೇ ದಿನ. ಥರ್ಮಾಕೋಲ್ ಪೆಟ್ಟಿಗೆ, ಐಸು ಬಿಡುವಂತಿಲ್ಲ.

ಬಾಟಲಿಯ ಕೈಲಾಗದ್ದೂ ಒಂದಿದೆ. ಬಲೆಯಲ್ಲಿ ಒದ್ದಾಡಿದ ಮೀನಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುತ್ತದೆ, ಕಾರ್ಟಿಸಾಲ್ ಕೂಡ ಮೆಟಾಲೊಥಯೊನೀನನ್ನು ಏರಿಸಬಲ್ಲದು. ತಡಮಾಡಿದರೆ ಲೋಹದ ಲೆಕ್ಕದಲ್ಲಿ ಬಲೆಯ ಲೆಕ್ಕವೂ ಸೇರಿಹೋಗುತ್ತದೆ, ದ್ರಾವಣ ಆ ತಪ್ಪನ್ನೇ ಜೋಪಾನವಾಗಿ ಕಾಪಾಡುತ್ತದೆ. ಹೋಲಿಕೆಗೆ ತರುವ ಮೀನನ್ನೂ ಅದೇ ಬಲೆ, ಅಷ್ಟೇ ಹೊತ್ತಿನಲ್ಲಿ ಹಿಡಿದು ಕೊಯ್ಯಬೇಕು.

ಆರ್‌ಎನ್‌ಎ ಬೇರ್ಪಡಿಸುವ ಟ್ರೈಜಾಲ್ ದ್ರವಕ್ಕೆ ಹಾಕುವ ಮುನ್ನ ತುಂಡನ್ನು ಟಿಶ್ಯೂ ಕಾಗದಕ್ಕೆ ಒತ್ತಿ ದ್ರಾವಣ ಹೀರಿಸಿ. ಅಂಟಿಕೊಂಡ ಉಪ್ಪು ಮುಂದಿನ ಹಂತದಲ್ಲಿ ಪದರ ಬೇರ್ಪಡುವುದಕ್ಕೆ ಅಡ್ಡಬರುತ್ತದೆ. ಫ್ರಿಜ್‌ನಲ್ಲಿ ಬಾಟಲಿಯ ತಳಕ್ಕೆ ಹರಳು ಕೂತರೆ ಎಸೆಯಬೇಡಿ, 37 ಡಿಗ್ರಿಗೆ ಬೆಚ್ಚಗೆ ಮಾಡಿ ಅಲುಗಿಸಿದರೆ ಕರಗುತ್ತದೆ.

ದುಬಾರಿ ಎನ್ನುವವರು ಲ್ಯಾಬಿನಲ್ಲೇ ಮಾಡಿಕೊಳ್ಳಬಹುದು: 935 ಮಿ.ಲೀ. ನೀರು, 0.5 ಮೋಲಾರ್ ಇಡಿಟಿಎ 40 ಮಿ.ಲೀ., 1 ಮೋಲಾರ್ ಸೋಡಿಯಂ ಸಿಟ್ರೇಟ್ 25 ಮಿ.ಲೀ., ಅಮೋನಿಯಂ ಸಲ್ಫೇಟ್ 700 ಗ್ರಾಂ. ಸಣ್ಣ ಉರಿಯಲ್ಲಿ ಕಲಕಿ ಕರಗಿಸಿ, ಆರಿದ ಮೇಲೆ ಗಂಧಕಾಮ್ಲದಿಂದ ಪಿಎಚ್ 5.2ಕ್ಕೆ ತನ್ನಿ. ವಿದ್ಯಾರ್ಥಿ ಯೋಜನೆಗಳಿಗೆ ಇದು ಧಾರಾಳ ಸಾಕು. ಇಲ್ಲಿ ಇಡಿಟಿಎ ಇರುವುದನ್ನು ಗಮನಿಸಿ: ಲೋಹವನ್ನು ಹಿಡಿದೆಳೆಯುವುದೇ ಅದರ ಗುಣ. ಹಾಗಾಗಿ ದ್ರಾವಣದಲ್ಲಿ ನೆನೆದ ತುಂಡಿನಲ್ಲಿ ಕ್ಯಾಡ್ಮಿಯಂ ಎಷ್ಟಿದೆ ಎಂದು ಅಳೆಯಲು ಹೋಗಬೇಡಿ. ಲೋಹದ ಪರೀಕ್ಷೆಗೆ ಅದೇ ಮೀನಿನ ಬೇರೆ ತುಂಡನ್ನು ಮೊದಲೇ ಕೊಯ್ದು, ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಐಸಿನ ಮೇಲಿಡಿ.