ಜಿಂಕೆ ಸೀಸನ್‌ಗೆ ಗುರಿ ಅಭ್ಯಾಸ: .308 ಬಿಟ್ಟು .22 ಹಿಡಿದೆ

ಅಮೆರಿಕದ ವಿಸ್ಕಾನ್ಸಿನ್‌ ರಾಜ್ಯದಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಯಾಡುವ ಮುಖ್ಯ ಸೀಸನ್ ಒಂಬತ್ತೇ ದಿನ, ಥ್ಯಾಂಕ್ಸ್‌ಗಿವಿಂಗ್‌ ಹಬ್ಬದ ಹಿಂದಿನ ಶನಿವಾರ, ನವೆಂಬರ್‌ನಲ್ಲಿ, ಶುರು. ಹೋದ ವರ್ಷ ಮೊದಲ ಬೆಳಿಗ್ಗೆಯೇ 70 ಗಜ ದೂರದಲ್ಲಿ ಸುಮ್ನೆ ನಿಂತಿದ್ದ ಹೆಣ್ಣು ಜಿಂಕೆಗೆ ಈಡು ತಪ್ಪಿತು. ಬೇಸಿಗೆಯಿಡೀ ಮೇಜಿನ ಮೇಲೆ ಮರಳಚೀಲ ಇಟ್ಟುಕೊಂಡು ಬೇಟೆಯ .308 ರೈಫಲ್‌ನಲ್ಲೇ (ದೊಡ್ಡ ತೋಟಾದ ಕೋವಿ) ಅಭ್ಯಾಸ ಮಾಡಿದ್ದೆ. 100 ಗಜದಲ್ಲಿ ಮೂರು ಗುಂಡು ಎರಡು ಇಂಚಿನೊಳಗೆ ಬೀಳುತ್ತಿದ್ದವು. ಹಾಗಿದ್ದೂ ತಪ್ಪಿದ್ದು ಯಾಕೆ?

ಮಾರ್ಚ್‌ನಲ್ಲಿ ಗೊತ್ತಾಯಿತು. ಗೆಳೆಯನೊಬ್ಬ ನನಗೆ ಕಾಣದ ಹಾಗೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ ತುಂಬಿಕೊಟ್ಟ. ಡಮ್ಮಿ ಬಂದಾಗ ಕೋವಿ ಟಿಕ್ ಎಂದಿತಷ್ಟೇ, ಆದರೆ ನಳಿಗೆಯ ತುದಿ ಎರಡು ಬೆರಳಷ್ಟು ಕೆಳಗೆ ಕುಸಿಯಿತು. ಕಣ್ಣೂ ಮುಚ್ಚಿದ್ದೆ. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಕೊಡುವ ಒದೆತ ಬರುವ ಮೊದಲೇ ಭುಜ ಹೆದರಿ ಮುಂದೆ ತಳ್ಳುತ್ತಿತ್ತು. ನಿಜವಾದ ಈಡಿನಲ್ಲಿ ಇದು ಒದೆತದೊಳಗೇ ಮುಚ್ಚಿಹೋಗುತ್ತದೆ, ಮರಳಚೀಲವಂತೂ ಇನ್ನಷ್ಟು ಮುಚ್ಚಿಡುತ್ತದೆ. ಒಂದೊಂದು ದಿನ 40 ಈಡು ಹೊಡೆದು ನಾನೇ ಆ ಚಾಳಿಯನ್ನು ಗಟ್ಟಿ ಮಾಡಿಕೊಂಡಿದ್ದೆ.

ಆಮೇಲೆ ಹೆಚ್ಚುಕಮ್ಮಿ ಅದೇ ತೂಕದ ಹಳೆಯ .22 ಬೋಲ್ಟ್ ರೈಫಲ್ ಕೊಂಡೆ, ಪುಟ್ಟ ತೋಟಾದ್ದು. ಒದೆತ ಇಲ್ಲವೆಂದೇ ಹೇಳಬಹುದು, ಹಾಗಾಗಿ ಕುದುರೆ (ಟ್ರಿಗರ್) ಎಳೆಯುವಾಗ ಬೆರಳು ಏನು ಮಾಡುತ್ತಿದೆ ಎಂದು ಗಮನಿಸಲು ಮನಸ್ಸು ಖಾಲಿ ಇರುತ್ತದೆ. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಎಂಟು ಇಂಚು, ಆದ್ದರಿಂದ 50 ಗಜಕ್ಕೆ ನಾಲ್ಕು ಇಂಚಿನ ಕಾಗದ ಅಂಟಿಸಿದೆ. ಕಣ್ಣಿಗೆ 100 ಗಜದಷ್ಟೇ ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಮೇಜು ಬಿಟ್ಟು ಮಂಡಿಯೂರಿ, ಕೂತು, ಕಂಬಕ್ಕೆ ಒರಗಿ ಹೊಡೆದೆ. ಕಾಡಿನಲ್ಲಿ ಯಾರೂ ಮೇಜು ಹಾಕಿಕೊಡುವುದಿಲ್ಲ. 50 ತೋಟಾದ ಡಬ್ಬಿಗೆ ಐದಾರು ಡಾಲರ್; .308ರಲ್ಲಿ ಅಷ್ಟು ದುಡ್ಡಿಗೆ ನಾಲ್ಕೈದು ತೋಟಾ. ಮನೆಸಾಲ ಕಟ್ಟುವವನಿಗೆ ಇದೇನು ಸಣ್ಣ ಲೆಕ್ಕವಲ್ಲ.

ಒಂದು ಕೊರತೆಯೂ ಇದೆ: ಗಾಳಿ ಜೋರಿದ್ದರೆ .22 ಗುಂಡು ಪಕ್ಕಕ್ಕೆ ಸರಿಯುವುದು ಜಾಸ್ತಿ.

ಮನೆಯಲ್ಲಿ ತೋಟಾ ಇಲ್ಲದೆ ಕುದುರೆ ಎಳೆಯುವ ಅಭ್ಯಾಸಕ್ಕೆ ದುಡ್ಡೇ ಬೇಡ. ತೋಟಾ ಬೇರೆ ಕೋಣೆಯಲ್ಲಿಟ್ಟು, ತೋಟಾ ಕೂರುವ ಚೇಂಬರ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ನೆಲಮಾಳಿಗೆಯ ಕಾಂಕ್ರೀಟ್ ಗೋಡೆಗೆ ಗುರಿಯಿಟ್ಟು, ರಾತ್ರಿ ಹತ್ತು ನಿಮಿಷ ಮಾಡುತ್ತೇನೆ. ಇದಕ್ಕೆ ಮಾತ್ರ .308 ಬೇಕು. .22 ರಿಮ್‌ಫೈರ್‌, ಅಂದರೆ ತೋಟಾದ ಅಂಚಿಗೆ ಹೊಡೆದು ಸಿಡಿಸುವ ಕೋವಿ; ತೋಟಾ ಇಲ್ಲದಿದ್ದರೆ ಅದರ ಹೊಡೆಯುವ ಪಿನ್ ನೇರ ಚೇಂಬರ್ ಅಂಚಿಗೆ ಬಡಿದು ಹಾಳು ಮಾಡಬಹುದು. ಆದರೆ ಈ ಅಭ್ಯಾಸದಲ್ಲಿ ಗುಂಡು ಎಲ್ಲಿ ಬಿತ್ತು ಎಂದು ತೋರಿಸುವ ಕಾಗದ ಇಲ್ಲ, ವಾರ ಕಳೆಯುವಷ್ಟರಲ್ಲಿ ಬೇಸರವಾಗುತ್ತದೆ.

.308 ಪೂರ್ತಿ ಬಿಟ್ಟಿಲ್ಲ. ಬೇಟೆಗೆ ಅದೇ ಬೇಕು, ಗುರಿ ನೋಡುವ ಸ್ಕೋಪ್ ಸರಿಮಾಡಲೇಬೇಕು. ಅಕ್ಟೋಬರ್‌ನಲ್ಲಿ ಒಂದೇ ಡಬ್ಬಿ, 20 ತೋಟಾ, ಸಾಕು. ಮೊನ್ನೆ ಗೆಳೆಯ ಮತ್ತೆ ಡಮ್ಮಿ ಬೆರೆಸಿ ಕೊಟ್ಟ. ಮಂಡಿಯೂರಿ ಎಳೆದೆ. ಟಿಕ್. ನಳಿಗೆ ಅಲ್ಲಾಡಲಿಲ್ಲ.